ರಾಡಿಲ್ಲದ ಕೈಪಂಪಿನ ನೀರು

ಗೆಳೆಯರೇ, ವಾರಾಂತ್ಯದಲ್ಲಿ ಹೆಬ್ಬೆ ಜಲಪಾತಕ್ಕೆ ಚಾರಣಿಗರನ್ನು ಕರೆದೊಯ್ಯುವ ನಾನು ಇವತ್ತು ಶುದ್ಧ ನೀರಿನ ಸಂಸ್ಥೆಯವರ ಜೊತೆ ಚೌಳಹಿರಿಯೂರಿನ ಹತ್ತಿರದ ಹಳ್ಳಿಗೆ ಹೋಗಿದ್ದೆ. ಕೆಟ್ಟು ನಿಂತಿದ್ದ ಕೈಪಂಪನ್ನು ಬಿಚ್ಚಿ, ಒಳಗಿಂದ ನೀರೆತ್ತುವ ಪೈಪು, ರಾಡುಗಳನ್ನೆಲ್ಲ ಹೊರಗೆ ಹಾಕಿ ಊಟಕ್ಕೆ ಕೂತೆವು.

ಪಂಪು ಒತ್ತುವ ಸದ್ದು ಕೇಳಿಸಿತು. ತಿರುಗಿ ನೋಡಿದರೆ ಅಲ್ಲಿ ಯಾರೂ ಇಲ್ಲ. ಹ್ಯಾಂಡಲ್ ತಾನಾಗಿ ಏರಿಳಿಯುತ್ತಿತ್ತು, ನೀರು ಸುರಿಯುತ್ತಿತ್ತು. ತುತ್ತು ನನ್ನ ಕೈಯಲ್ಲೇ ಉಳಿಯಿತು.

ಪಂಚಾಯಿತಿ ಸದಸ್ಯೆ ರತ್ನಕ್ಕ ಮಾತ್ರ ಸಾರು ಬಡಿಸುತ್ತಲೇ ಇದ್ದರು. "ಹೆದರ್ಕಬೇಡಿ ಕಣ್ರೀ. ಹಿಂದೆ ಕೆಟ್ಟ ನೀರು ಕುಡ್ದು ಸತ್ತೋರು ಬಂದು ತುಂಬ್ಕೊಂಡು ಹೋಗ್ತಾರೆ."

"ಈಗ ಏನ್ ಮಾಡೋದಕ್ಕಾ?"

"ಆ ನೀರ್ನೂ ಟೆಸ್ಟ್ ಮಾಡ್ಸಿ. ಅವ್ರೂ ನಮ್ಮೂರೋರೇ ಅಲ್ವಾ?"

ಎದ್ದು ಹೋಗಿ ಆ ನೀರಿಗೆ ಬಾಟಲಿ ಹಿಡಿದೆ. ವರದಿ ಹೇಗೇ ಬರಲಿ, ಸತ್ತವರಿಗೆ ತಿಳಿಸುವ ಕೆಲಸ ಮಾತ್ರ ರತ್ನಕ್ಕನದೇ ಎಂದು ಹೇಳಿ ಬಂದಿದ್ದೇನೆ.