ಗೌರಕ್ಕನ ಕೈಗೆ ರಜೆ

ಕನಕಪುರದ ಸೀರೆ ಅಂಗಡಿಯಲ್ಲಿ ನಮ್ಮ ಗೌರಕ್ಕ ಸೀರೆ ಆರಿಸುತ್ತಿದ್ದುದು ಗದ್ದದಲ್ಲಿ. ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು, ಗದ್ದ ಎತ್ತಿ, “ಅದ ತೆಗೀರಿ, ಅದ್ರ ಪಕ್ಕದ್ದ ತೆಗೀರಿ” ಅನ್ನುತ್ತಿದ್ದಳು. ಅಂಗಡಿಯವರು ಈ ಹೆಂಗಸಿಗೆ ಎಂಥಾ ಜಂಬ ಅಂದುಕೊಂಡಿರಬೇಕು. ಜಂಬ ಎಲ್ಲಿಂದ ಬಂತು! ಅವಳ ಅಂಗೈ ತಗುಲಿದರೆ ಸಾಕು, ರೇಷ್ಮೆಯ ಎಳೆ ಅಲ್ಲಿನ ಬಿರುಕಿಗೆ ಸಿಕ್ಕಿಕೊಂಡು ಎದ್ದು ಬರುತ್ತಿತ್ತು. ಮದುವೆಯಾಗಿ ಬಂದಾಗಿನಿಂದ ರೇಷ್ಮೆ ಹುಳ ಸಾಕಿದವಳು ರೇಷ್ಮೆ ಸೀರೆ ಮುಟ್ಟುವ ಹಾಗಿರಲಿಲ್ಲ.

ಗೌರಕ್ಕ ನನ್ನ ಓರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಮಾಗಡಿಯಿಂದ ನಾನು ಉಯ್ಯಂಬಳ್ಳಿ ಕಡೆಯ ಈ ಮನೆಗೆ ಸೊಸೆಯಾಗಿ ಬಂದ ದಿನ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡವಳು ಅವಳೇ. ಕೈಯೋ ಉಪ್ಪುಕಾಗದವೋ ಅನ್ನಿಸಿ ಮುಖ ನೋಡಿದ್ದೆ. “ಹೆದ್ರಬ್ಯಾಡ ಕಣಮ್ಮಿ, ಕೈಯೊಂದೇ ಒರಟು” ಅಂದು ನಕ್ಕಳು. ಅದು ನಿಜವಾಗಿತ್ತು.

ಒಂದು ಬೆಳೆ ಗೂಡು ಬಿಡಿಸಿದ ಮೇಲೆ ಹುಳುಮನೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಯಬೇಕು, ಸುಣ್ಣ ಬಳಿಯಬೇಕು. ಅದನ್ನೆಲ್ಲ ಮಾಡುತ್ತಿದ್ದವಳು ಗೌರಕ್ಕ. ಅದರ ಮೇಲೆ ಮನೆಮಂದಿ, ಸೊಪ್ಪು ಕೊಯ್ಯುವ ಕೂಲಿಯವರು ಎಲ್ಲರೂ ಮುದ್ದೆ ಉಂಡ ತಟ್ಟೆಗಳು. ಹುಳುಮನೆಗೆ ಹೋಗಿ ಸೊಪ್ಪು ಹಾಕುವವರು ಸಿಕ್ಕಿದ್ದನ್ನೆಲ್ಲ ಮುಟ್ಟಬಾರದು ಅಂತ ನನ್ನನ್ನು ಮುಸುರೆಯ ಹತ್ತಿರ ಸೇರಿಸುತ್ತಿರಲಿಲ್ಲ. ಗ್ಲೌಸು ತಂದುಕೊಟ್ಟರೆ ಒಳಗೆ ಬೆವತು ಇನ್ನೂ ಉರಿ ಅಂತ ಕಿತ್ತೆಸೆದಳು. ಆಸ್ಪತ್ರೆಗೆ ಹೋಗೋಣ ಬಾ ಅಂದರೆ ಒಂದೇ ಮಾತು: “ಈ ಬೆಳೆ ಆಗ್ಲಿ ಬುಡು.”

ತವರಿಗೆ ಹೋಗುವುದಕ್ಕೂ ಅದೇ ಮಾತು, ಹಲ್ಲು ನೋವಿಗೂ ಅದೇ ಮಾತು. ಬೆಳೆ ಆಗುತ್ತಿತ್ತು, ಮುಗಿಯುತ್ತಿರಲಿಲ್ಲ. ಅದೂ ಗೂಡಿಗೆ ಹಿಂದೆಂದೂ ಕಾಣದ ರೇಟು ಬಂದಿದ್ದ ಕಾಲ. ಊರಲ್ಲಿ ಯಾರ ಮನೆಯಲ್ಲೂ ಹುಳುಮನೆ ಒಂದು ವಾರ ಖಾಲಿ ಇರಲಿಲ್ಲ. ಗೂಡು ರಾಮನಗರದ ಮಾರ್ಕೆಟ್ಟಿಗೆ ಹೋದ ಗಾಡಿ ವಾಪಸು ಬರುವಷ್ಟರಲ್ಲಿ ಮುಂದಿನ ಬೆಳೆಯ ಮರಿಹುಳ ಬಂದು ಕೂತಿರುತ್ತಿತ್ತು. ರೇಟು ಬಂತು ಅಂತ ಎಲ್ಲರೂ ಕುಣಿದರು. ನಮಗೆ ಬಂದದ್ದು ಸುಸ್ತು.

ಅಂಥವಳು ಒಂದು ದಿನ ತಾನಾಗಿಯೇ ಡಾಕ್ಟರ ಹತ್ತಿರ ಹೊರಟಳು. ಅವಳಿಗೆ ಒಬ್ಬಳೇ ಮಗಳು, ಶೈಲ. ಶೈಲ ಆಗ ಬಸುರಿ. ಆ ವಾರವೇ ಪಕ್ಕದ ಮನೆಯ ಕೂಸನ್ನು ಮುದ್ದಿಸಲು ಹೋಗಿ ಗೌರಕ್ಕ ಅದರ ಕೆನ್ನೆ ಸವರಿದ್ದಳು. ಕೆನ್ನೆಯ ಮೇಲೆ ಕೆಂಪಗೆ ಗೀರು ಬಿದ್ದು ಕೂಸು ಕಿಟಾರನೆ ಕಿರುಚಿತು. ಮನೆಗೆ ಬಂದು ಎರಡೂ ಅಂಗೈ ಮಡಿಲಲ್ಲಿಟ್ಟುಕೊಂಡು ಕೂತಳು. “ನನ್ ಮಗಳ ಕೂಸಿಗೆ ನಾನೇ ಎಣ್ಣೆ ಹಚ್ಚಿ ನೀರು ಹಾಕ್ಬೇಕು ಕಣಮ್ಮಿ. ಈ ಕೈಯಾಗೆ ಹೆಂಗೆ ಹಾಕಾದು?” ಅಂದಳು.

ಡಾಕ್ಟರು ಮುಲಾಮು ಬರೆದುಕೊಟ್ಟು, “ಎರಡು ತಿಂಗಳು ಸೋಪಿನ ನೀರು ಮುಟ್ಟಬೇಡಿ, ಆಮೇಲೆ ನಿಮ್ಮ ಕೈ ನಿಮಗೇ ಗುರುತು ಸಿಗಲ್ಲ” ಅಂದರು. ಹೆರಿಗೆಗೆ ಅದಕ್ಕಿಂತ ಒಸಿ ಹೆಚ್ಚು ದಿನವಿತ್ತು. ಗೌರಕ್ಕ ದಾರಿಯುದ್ದಕ್ಕೂ ಬೆರಳು ಮಡಿಸಿ ಲೆಕ್ಕ ಹಾಕುತ್ತಾ ಬಂದಳು.

ಅದಕ್ಕೇ ಭಾವ ಗೂಡು ಮಾರಿ ಬರುವಾಗ ಆಟೋದಲ್ಲಿ ಪಾತ್ರೆ ತೊಳೆಯುವ ಮಿಷನ್ನು ಹೇರಿಕೊಂಡು ಬಂದರು. ಊರಿಗೆ ಊರೇ ನೋಡಲು ಬಂತು. ಬ್ಲೀಚಿಂಗ್ ಪೌಡರಿನ ಕೆಲಸ ಇನ್ನು ಮೇಲೆ ನಮ್ಮೆಜಮಾನರದು, ಪಾತ್ರೆ ಮಿಷನ್ನಿನದು ಅಂತ ತೀರ್ಮಾನವಾಯಿತು. “ಇವತ್ತಿಂದ ನಿಮ್ಮಕ್ಕನ ಕೈಗೆ ರಜೆ ಕಣಮ್ಮ” ಅಂದರು ಭಾವ. ಹೆಂಡತಿಯ ಮೇಲಿನ ಅಕ್ಕರೆಯನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಗೌರಕ್ಕ ಹೊಸ ಸೊಸೆಯ ಹಾಗೆ ನಾಚಿಕೊಂಡು, “ಯಾಕ್ ಬೇಕಿತ್ತು ಇವೆಲ್ಲಾ” ಅನ್ನುತ್ತಲೇ ಸೆರಗಿನಲ್ಲಿ ಅದರ ಬಾಗಿಲು ಒರೆಸಿದಳು.

ಕೂಡಿಸಲು ಬಂದ ಹುಡುಗ ಗಲೀಜು ನೀರಿನ ಪೈಪನ್ನು ಕಿಟಕಿಯಿಂದ ಹೊರಗೆ ಮೋರಿಗೆ ಬಿಟ್ಟು ಹೋದ. ಮಿಷನ್ನು ಗುಡುಗುಡು ಅಂದು ತೊಳೆಯಿತು, ತಟ್ಟೆ ಫಳಫಳ ಅಂದವು. ನಾವು ಹುಳದ ಕಡೆ ತಿರುಗಿದೆವು. ಅಡುಗೆಮನೆಯ ಚಿಂತೆ ಬಿಟ್ಟೆವು.

ಹುಳ ನಾಲ್ಕನೇ ಜ್ವರ ಎದ್ದಿತ್ತು. ನಾಲ್ಕನೇ ಸಲ ಪೊರೆ ಬಿಟ್ಟ ಮೇಲೆ ಹುಳಕ್ಕೆ ಎಷ್ಟು ಸೊಪ್ಪು ಸುರಿದರೂ ಸಾಲದು. ಮನುಷ್ಯರಿಗೆ ಉಣ್ಣಲು ಪುರುಸೊತ್ತು ಇರುವುದಿಲ್ಲ. ಅಂಥ ಒಂದು ಮಧ್ಯಾಹ್ನ ಭಾವ ಕೂಗಿಕೊಂಡರು. “ಲೇ, ಸೊಪ್ಪು ಸೊಪ್ಪು! ನೀರು ನುಗ್ತಾ ಐತೆ ಕಣ್ಲಾ!” ಅಡುಗೆಮನೆಯಿಂದ ನೊರೆ ನೀರು ಹೊಸ್ತಿಲು ದಾಟಿ, ಸೊಪ್ಪು ರಾಶಿ ಹಾಕಿದ್ದ ಕೋಣೆಗೆ ಹರಿಯುತ್ತಿತ್ತು. ಸೋಪು ತಾಗಿದ ಸೊಪ್ಪು ತಿಂದರೆ ಹುಳ ಉಳಿಯುವುದಿಲ್ಲ. ಭಾವ, ನಮ್ಮೆಜಮಾನರು, ಕೂಲಿಯವರು, ನಾನು, ಎಲ್ಲರೂ ಬಿದ್ದೆವೋ ಎದ್ದೆವೋ ಅಂತ ಸೊಪ್ಪನ್ನು ತಬ್ಬಿ ತಬ್ಬಿ ಎತ್ತಿ ಪಡಸಾಲೆಗೆ ಹಾಕಿದೆವು.

ಸೊಪ್ಪು ಉಳಿಯಿತು. ಆಮೇಲೆ ನಾನು ಅಡುಗೆಮನೆಗೆ ಹೋದೆ. ಗೌರಕ್ಕ ಮಿಷನ್ನಿನ ಮುಂದೆ ಮಂಡಿಯೂರಿ, ಅದರ ಹೊಟ್ಟೆಯೊಳಗೆ ಮೊಣಕೈವರೆಗೂ ಕೈ ಬಿಟ್ಟು, ನಿಂತ ನೀರನ್ನು ಚೊಂಬಿನಲ್ಲಿ ಎತ್ತಿ ಎತ್ತಿ ಬಕೀಟಿಗೆ ಹುಯ್ಯುತ್ತಿದ್ದಳು. ತಳದ ಜಾಲರಿ ಕಿತ್ತು, ಅದಕ್ಕೆ ಮೆತ್ತಿದ್ದ ರಾಗಿ ಅಂಟನ್ನು ಬೆರಳಲ್ಲಿ ಕೆರೆಯುತ್ತಿದ್ದಳು. ಬಿರುಕುಗಳಲ್ಲಿ ರಕ್ತ ಜಿನುಗುತ್ತಿತ್ತು.

“ಎಷ್ಟು ದಿನದಿಂದ ಅಕ್ಕಾ ಇದು?”

“ಅದು ಬಂದ ಮುಂದಿನ ವಾರ್ದಿಂದ.”

“ದಿನಾ ಹಿಂಗೇ ಕೈ ಹಾಕ್ತಿದ್ಯಾ? ಬಾಯಿ ಬಿಟ್ಟು ಹೇಳಕೆ ಏನಾಗಿತ್ತು ನಿಂಗೆ?” ನನಗೆ ಮೈಯೆಲ್ಲ ಉರಿದುಹೋಯಿತು.

“ಏನಂತ ಹೇಳ್ಲಿ? ಈ ಮನ್ಯಾಗೆ ನಂಗೆ ಅಂತ ಒಂದು ಸಾಮಾನು ಬಂದಿತ್ತು. ಅದೂ ಕೆಟ್ಟೋಯ್ತು ಅನ್ನಾದಾ? ನೀವೆಲ್ಲಾ ಹುಳದ ಹಿಂದೆ ಬಿದ್ದು ಸುಸ್ತಾಗಿದ್ರಿ. ಈ ಬೆಳೆ ಆಗ್ಲಿ ಅಂತ ಸುಮ್ಕಿದ್ದೆ.”

ಕೈಗೆ ರಜೆ ಕೊಡಲು ಬಂದ ಮಿಷನ್ನಿಗೆ ಇವಳು ಬಾಣಂತನ ಮಾಡುತ್ತಿದ್ದಳು. ನಾನು ಅಲ್ಲೇ ನಿಂತು ರಿಪೇರಿಯವನಿಗೆ ಫೋನು ಮಾಡಿದೆ. ರಾಮನಗರದಿಂದ ನಾಡಿದ್ದು ಬತ್ತೀನಿ ಅಂದವನನ್ನು ಬಿಡದೆ, ನೀರು ಯಾಕೆ ನಿಲ್ಲುತ್ತೆ ಹೇಳು ಅಂತ ಕಾಡಿಸಿದೆ.

“ಮುದ್ದೆ ತಟ್ಟೆ ಹಂಗೇ ಇಡ್ತೀರೇನಮ್ಮ?”

“ಒರೆಸಿ ಇಡ್ತಾರಂತೆ. ಜಾಲರೀನೂ ದಿನಾ ತೊಳೀತಾರಂತೆ” ಅಂತ ಗೌರಕ್ಕನನ್ನು ಕೇಳಿ ಹೇಳಿದೆ.

“ಹಂಗಾದ್ರೂ ನೀರು ನಿಲ್ತೈತೆ ಅಂದ್ರೆ ಪೈಪು ನೋಡಿ. ಎಲ್ಲಿಗೆ ಬುಟ್ಟಿದ್ದೀರಾ?”

“ಮೋರಿಗೆ” ಅಂದೆ. ಗೌರಕ್ಕ ಮುಖ ಆ ಕಡೆ ತಿರುಗಿಸಿದಳು.

ಹಿತ್ತಿಲಿಗೆ ಹೋಗಿ ನೋಡಿದರೆ ಪೈಪು ಮೋರಿಯಲ್ಲಿಲ್ಲ, ತೆಂಗಿನ ಬುಡದಲ್ಲಿದೆ! ಅಷ್ಟು ನೀರು ಮೋರಿ ಪಾಲಾಗುವುದನ್ನು ನೋಡಲಾರದೆ ಗೌರಕ್ಕ ಅದನ್ನು ಎಳೆದು ತೆಂಗಿನ ಪಾತಿಗೆ ಬಿಟ್ಟಿದ್ದಳು. ಕೋಳಿ ಎಳೆದಾಡಬಾರದು ಅಂತ ತುದಿಯನ್ನು ಮಣ್ಣಲ್ಲಿ ಹೂತು ಮೇಲೆ ಕಲ್ಲು ಹೇರಿದ್ದಳು. ಪೈಪಿನ ಬಾಯಿಗೆ ಕೆಸರು ಗಟ್ಟಿಯಾಗಿ ಬಿರಡೆ ಜಡಿದ ಹಾಗಾಗಿತ್ತು. ಕಡ್ಡಿ ಹಾಕಿ ಕೆದಕಿ, ಪೈಪನ್ನು ಪಾತಿಯಿಂದ ಮೇಲಕ್ಕೆತ್ತಿ ಕಲ್ಲಿನ ಮೇಲೆ ಕೂರಿಸಿದೆ. ಒಳಗೆ ಗೌರಕ್ಕ ಗುಂಡಿ ಒತ್ತಿದಳು. ಕರಿ ನೀರು ಭರ್ರನೆ ಬಂತು.

“ಬಚ್ಚಲ ನೀರು ಕುಡ್ದೇ ಅಲ್ವಾ ಈ ಮರ ಬೆಳ್ದಿರಾದು, ಇದ್ನೂ ಕುಡೀಲಿ ಅಂತ ಬುಟ್ಟೆ. ನನ್ ಬುದ್ಧಿಗಿಷ್ಟು ಬೆಂಕಿ ಹಾಕ” ಅಂತ ಹಣೆ ಚಚ್ಚಿಕೊಂಡಳು. ನನಗೆ ನಗು ಬಂತು. ಅವಳಿಗೂ ಬಂತು. ನಕ್ಕು ನಕ್ಕು ಕಡೆಗೆ ಅವಳ ಕಣ್ಣಲ್ಲಿ ನೀರು ಬಂತು. “ಇನ್ನೂ ದಿನ ಐತಲ್ವಾ ಅಮ್ಮಿ? ಕೈ ವಾಸಿ ಆಯ್ತದಲ್ವಾ?” ಅಂದಳು. ಆಯ್ತದೆ ಬಿಡಕ್ಕ ಅಂದೆ. ಇನ್ನೇನು ಹೇಳಲಿ.

ದಿನ ಇರಲಿಲ್ಲ. ಶೈಲನಿಗೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಯಿತು. ಹೆಣ್ಣು ಕೂಸು, ಅಂಗೈಯಷ್ಟೇ ಇತ್ತು. ನೀರು ಹಾಕುವ ಬೆಳಿಗ್ಗೆ ಗೌರಕ್ಕ ಹರಳೆಣ್ಣೆ ಕಾಯಿಸಿಟ್ಟಳು, ಹಂಡೆಯ ನೀರನ್ನು ಮೊಣಕೈ ಅದ್ದಿ ಹದ ನೋಡಿದಳು. ಬಚ್ಚಲ ಬಾಗಿಲಲ್ಲಿ ನಿಂತು ತನ್ನ ಕೈ ನೋಡಿಕೊಂಡಳು. ಯಾರಿಗೂ ಅವಳ ಮುಖ ನೋಡುವ ಧೈರ್ಯ ಇರಲಿಲ್ಲ.

ಆಮೇಲೆ ಸೀರೆ ಮೇಲಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿದಳು. “ಕೂಸ ತಂದು ನನ್ ಕಾಲ ಮ್ಯಾಲೆ ಮಲಗ್ಸಮ್ಮಿ. ಕಾಲು ಒಡ್ದಿಲ್ಲ, ಚೆನ್ನಾಗವೆ. ಕಾಲು ನಂದು, ಕೈ ನಿಂದು.”

ಹಾಗೇ ಮಾಡಿದೆವು. ಕೂಸು ಅವಳ ಕಾಲ ಮೇಲೆ, ನಾನು ಎದುರಿಗೆ ಕುಕ್ಕರುಗಾಲಲ್ಲಿ. ನೆತ್ತಿ ಒಸಿ ತಟ್ಟು, ಬೆನ್ನು ಉಜ್ಜು, ಕಂಕುಳ ಮರೀಬ್ಯಾಡ ಅಂತ ಅವಳು ಹೇಳುತ್ತಾ ಹೋದಳು, ನಾನು ಮಾಡುತ್ತಾ ಹೋದೆ. ಬಾಣಂತನ ಮುಗಿಯುವವರೆಗೂ ನಾವಿಬ್ಬರೂ ಸೇರಿ ಒಬ್ಬಳು ಅಜ್ಜಿಯಾದೆವು. ಈ ಮನೆಗೆ ಬಂದು ನಾನು ಸುಸ್ತಿಲ್ಲದೆ ಮಾಡಿದ ಕೆಲಸ ಅದೊಂದೇ.

ಹೋದ ಮಳೆಗಾಲದಲ್ಲಿ ಗೌರಕ್ಕ ಎಡಭುಜ ನೋವು ಅನ್ನುತ್ತಿದ್ದಳು. ಹುಳ ಇನ್ನೇನು ಹಣ್ಣಾಗಿ ಗೂಡು ಕಟ್ಟುವ ಸಮಯ. ನಡಿ ತೋರಿಸಿಕೊಂಡು ಬರೋಣ ಅಂತ ನಾನು ಹೊರಟು ನಿಂತರೆ, “ಈ ಬೆಳೆ ಆಗ್ಲಿ ಬುಡು” ಅಂದಳು. ಸೊಪ್ಪಿನ ಹೊರೆ ಇಳಿಸಿ ಜಗಲಿಯ ಮೇಲೆ ಕೂತವಳು ಹಾಗೇ ಒರಗಿದಳು, ಮತ್ತೆ ಏಳಲಿಲ್ಲ. ಆ ಬೆಳೆ ಬಲು ಚೆನ್ನಾಗಿ ಬಂತು. ಸುಡಬೇಕು ಅದನ್ನ.

ಮಿಷನ್ನು ಈಗಲೂ ತೊಳೆಯುತ್ತದೆ, ನೀರು ತೆಂಗಿಗೆ ಹೋಗುತ್ತದೆ. ಗೌರಕ್ಕನ ಪಾಲಿನ ಸೊಪ್ಪಿನ ಹೊರೆ ನಮ್ಮೆಜಮಾನರಿಗೆ ಹೋಗಿ, ಅವರ ಬ್ಲೀಚಿಂಗ್ ಪೌಡರು, ಸುಣ್ಣದ ಕೆಲಸ ನನಗೆ ಬಂದಿದೆ. ಮೊನ್ನೆ ಶೈಲ ಎರಡನೇ ಬಾಣಂತನಕ್ಕೆ ಬಂದಳು. ನಾನೇ ಮಣೆ ಹಾಕಿಕೊಂಡು ಕೂತು ಕಾಲು ನೀಡಿದೆ. ಈ ಸಲ ಕಾಲೂ ನನ್ನದೇ, ಕೈಯೂ ನನ್ನದೇ. ಎಣ್ಣೆ ಹಚ್ಚಿ ಬೆನ್ನು ಸವರಿದರೆ ಕೂಸು ಮುಖ ಕಿವುಚಿ ಅಳತೊಡಗಿತು.

ನೀರು ಹುಯ್ಯುತ್ತಿದ್ದ ಶೈಲ ನನ್ನ ಕೈ ತಿರುಗಿಸಿ ನೋಡಿದಳು. “ಚಿಕ್ಕವ್ವ, ನಿಂಗೂ ಒಡೀತಾ ಐತಲ್ಲ. ನಾಳೆನೇ ಹೋಗಿ ತೋರ್ಸು.”

“ಆಯ್ತು ಕಣವ್ವ” ಅಂದೆ. “ಈ ಬೆಳೆ ಒಂದು ಆಗ್ಲಿ ಬುಡು.”

ಶೈಲನ ಕೈಯ ಚೊಂಬು ಅಲ್ಲೇ ನಿಂತಿತು.