ಬೀರುವಿನ ಹಿಂದಿನ ಶಾಂತಕುಮಾರಿ

ಶಾಂತಕುಮಾರಿಯವರು ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರ ಸಂಘವೊಂದರಲ್ಲಿ ಬೆರಳಚ್ಚುಗಾರ್ತಿ. ಗುಮಾಸ್ತರಾಗಿದ್ದ ಪತಿ ತೀರಿಕೊಂಡ ಮೇಲೆ ಅನುಕಂಪದಿಂದ ಸಿಕ್ಕಿದ ಕೆಲಸ. ಇನ್ನೂ ಖಾಯಂ ಆಗಿರಲಿಲ್ಲ. ಬೆರಳುಗಳೇನೋ ಬಲು ಚುರುಕು. ಆದರೆ ಕಾರ್ಯದರ್ಶಿ ಚಲಪತಿಯವರಿಗೆ ಶಕುನದ ಚಿಂತೆ. ಹೊರಗೆ ಹೊರಡುವಾಗ ವಿಧವೆ ಎದುರಾಗಬಾರದು.

ಆದ್ದರಿಂದ ಅವರು ಚಪ್ಪಲಿ ಮೆಟ್ಟಿದೊಡನೆ ಜವಾನ ನರಸಿಂಹಪ್ಪ, "ಅಕ್ಕಾ, ಸಾಹೇಬ್ರು ಹೊರಟ್ರು" ಎನ್ನುತ್ತಿದ್ದ. ಶಾಂತಕುಮಾರಿಯವರು ಬೀರುವಿನ ಹಿಂದೆ ಸರಿಯುತ್ತಿದ್ದರು. ರೇಷ್ಮೆಗೂಡಿನ ಮಾರುಕಟ್ಟೆಗೆ, ಬ್ಯಾಂಕಿಗೆ, ಕಾಫಿಗೆ, ಬೀಡಾಕ್ಕೆ ಎಂದು ಚಲಪತಿಯವರು ಕಾಲು ನಿಲ್ಲದ ಮನುಷ್ಯ. ಸಹೋದ್ಯೋಗಿಗಳು ಒಳ್ಳೆಯವರು, ಬೀರುವಿನ ಹಿಂದೆ ಸ್ಟೂಲು ಹಾಕಿಸಿದರು, ಯುಗಾದಿಗೆ ಸಣ್ಣ ಫ್ಯಾನನ್ನೂ ಕೂರಿಸಿದರು. ಚಲಪತಿಯವರೂ ಎಂದೂ ದನಿ ಎತ್ತಿದವರಲ್ಲ. ಒಂದು ದಿನ ಮಾತ್ರ ನೊಂದು ಹೇಳಿದರು:

"ನೋಡಮ್ಮ ತಾಯಿ, ಯಾವಾಗ ನೋಡಿದ್ರೂ ಸೀಟಲ್ಲೇ ಇರಲ್ಲ ನೀನು. ಖಾಯಂ ಮಾಡಿ ಅಂತ ಹೆಂಗಮ್ಮ ಬರೀಲಿ?"

ತಪ್ಪು ತಮ್ಮದೇ ಎಂದು ಶಾಂತಕುಮಾರಿಯವರು ತಲೆ ತಗ್ಗಿಸಿದರು.

ಚಿಕ್ಕಬಳ್ಳಾಪುರ ಆಗಷ್ಟೇ ಜಿಲ್ಲೆಯಾಗಿತ್ತು. ಅಲ್ಲಿಂದ ಪ್ರಿಯಂವದಾ ಎಂಬ ಅಧಿಕಾರಿ, ಕೆಲಸದ ಜಾಗದಲ್ಲಿ ಹೆಂಗಸರಿಗಾಗುವ ಕಿರುಕುಳದ ಬಗ್ಗೆ ತಿಳಿಹೇಳಲು ಬಂದರು. ಅವರ ಮಾತಿನ ನಡುವೆ, ತಿಂಡಿ ಬಂತೇ ಎಂದು ನೋಡಲು ಚಲಪತಿಯವರು ಎದ್ದರು. ನರಸಿಂಹಪ್ಪ ಕಣ್ಸನ್ನೆ ಮಾಡಿದ. ಶಾಂತಕುಮಾರಿಯವರು ಎದ್ದು ಬೀರುವಿನ ಹಿಂದೆ ಹೋದರು.

"ಇಲ್ಲಿ ಯಾರಿಗಾದ್ರೂ ಇಂಥ ತೊಂದರೆ ಇದೆಯೇನ್ರಮ್ಮ?" ಎಂದು ಪ್ರಿಯಂವದಾ ಕೇಳಿದರು.

"ನಮ್ಮ ಸಾಹೇಬ್ರು ಬಂಗಾರದಂಥೋರು ಮೇಡಂ" ಎಂದಿತು ಬೀರು.

"ಅಲ್ಲಿ ಯಾರ್ರೀ ಇರೋದು?"

"ನಮ್ ಶಾಂತಕ್ಕ ಮೇಡಂ" ಎಂದ ನರಸಿಂಹಪ್ಪ. "ಸಾಹೇಬ್ರು ಹೊರಡುವಾಗ ಅಲ್ಲಿರ್ತಾರೆ. ಫ್ಯಾನ್ ಹಾಕ್ಸಿದೀವಿ."

ಪ್ರಿಯಂವದಾ ಬೀರುವಿನತ್ತ ತಿರುಗಿದರು. "ನೀವಾಗೇ ಹೋಗಿ ಕೂರ್ತೀರೇನಮ್ಮ?"

ಬೀರುವಿನ ಹಿಂದೆ ಫ್ಯಾನು ಆರಿಸಿದ ಸದ್ದಾಯಿತು.

"ಇಲ್ಲ ಮೇಡಂ. ವಿಧವೆ ಎದುರಾಗ್ಬಾರ್ದು ಅಂತ ಸಾಹೇಬ್ರೇ ಎಬ್ಬಿಸ್ತಾರೆ. ಆಮೇಲೆ ಸೀಟಲ್ಲೇ ಇರಲ್ಲ ನೀನು ತಾಯಿ ಅಂತಾರೆ."

"ತಾಯಿ ಅಂತ ಕರೆದು ಮಾಡಿದ್ರೂ ಅದು ಕಿರುಕುಳವೇ ಕಣಮ್ಮ."

ಶಾಂತಕುಮಾರಿಯವರು ಹೊರಬಂದು, ಬಾಗಿಲಿಗೆ ನೇರವಾಗಿದ್ದ ತಮ್ಮ ಕುರ್ಚಿಯಲ್ಲಿ ಕುಳಿತರು. ಇನ್ನೂ ಹೊಸ್ತಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ ಚಲಪತಿಯವರು ಅವರನ್ನು ಕಂಡು ಬೆಚ್ಚಿ ಹಿಂದಿರುಗಿದರು. ಶಾಸ್ತ್ರದಂತೆ ಕುಳಿತು ಒಂದು ಲೋಟ ನೀರು ಕುಡಿದು ಮತ್ತೆ ಹೊರಟರು. ಎದುರಿಗೆ ಅದೇ ಮುಖ. ಮತ್ತೆ ಕುಳಿತರು, ಮತ್ತೆ ನೀರು. ಹೀಗೆ ಹೂಜಿಯೇ ಬರಿದಾಯಿತು. ಕೊನೆಗೆ ಅದೇ ಬಾಗಿಲಿನಿಂದ ಹಿತ್ತಲಿಗೆ ಹೋಗದೆ ವಿಧಿಯಿಲ್ಲದಂತಾಯಿತು.

"ಸಾರ್, ಸೀಟಲ್ಲೇ ಇದೀನಿ. ನೋಡ್ಕೊಳ್ಳಿ" ಎಂದರು ಶಾಂತಕುಮಾರಿ.

"ನೋಡ್ದೆ ಕಣಮ್ಮ. ಖಾಯಂಗೆ ಇವತ್ತೇ ಬರೀತೀನಿ. ದಾರಿ ಬಿಡು ತಾಯಿ."

"ನಾನೇನು ದಾರೀಲಿ ಕೂತಿದೀನಾ ಸಾರ್?"

ಚಲಪತಿಯವರು ಬಾಗಿಲನ್ನು ನೋಡಿದರು, ಅವರನ್ನು ನೋಡಿದರು, ಕಣ್ಣು ಬಿಟ್ಟುಕೊಂಡೇ ಅವರೆದುರೇ ಹಿತ್ತಲಿಗೆ ಓಡಿದರು.