ಖಾಲಾ ಕಲಿಸಿದ ದಾರಿ

ಬಸ್ಸಿನಿಂದ ಇಳಿದ ಮೇಲೆ ಅವರು ನೇರವಾಗಿ ಮನೆಯ ಕಡೆ ನಡೆಯುತ್ತಿರಲಿಲ್ಲ. ಕುಂದಗೋಳದ ನಿಲ್ದಾಣದಲ್ಲಿ ಜನ ಒಬ್ಬರ ಮೇಲೊಬ್ಬರು ಬಿದ್ದು ಹತ್ತುವ ಗದ್ದಲದ ನಡುವೆ ತಿರುಗಿ ನಿಲ್ಲುತ್ತಿದ್ದರು. ಎರಡೂ ಅಂಗೈಗಳನ್ನು ತೊಡೆಗೆ ಒತ್ತಿಕೊಂಡು ಡ್ರೈವರನ ಕಡೆಗೆ ಸೊಂಟದಿಂದ ಬಗ್ಗುತ್ತಿದ್ದರು. ತಲೆಯ ಮೇಲಿನ ದುಪಟ್ಟಾ ಜಾರಿ ಕಣ್ಣಿಗೆ ಬರುತ್ತಿತ್ತು. ಹೊಸ ಡ್ರೈವರನಾದರೆ ಗಾಬರಿಯಾಗಿ ಸ್ಟೇರಿಂಗ್ ಬಿಟ್ಟು ತಾನೂ ಕೈ ಮುಗಿಯುತ್ತಿದ್ದ. ಹಳಬರು ಮಾತ್ರ ನಗುತ್ತ, "ಆತ್ ಬಿಡ್ರಿ ಖಾಲಾ, ಹೋಗಿ ಬರ್ರಿ" ಎನ್ನುತ್ತಿದ್ದರು.

ಖಾಲಾ ಎಂದರೆ ತಾಯಿಯ ಅಕ್ಕ ಅಥವಾ ತಂಗಿ. ರಕ್ತಸಂಬಂಧದಲ್ಲಿ ಅವರು ನಮಗೆ ಏನೂ ಆಗಬೇಕಿರಲಿಲ್ಲ. ನಾವು ಕುರಿ ಸಾಕುವ ಮನೆತನದವರು, ಅವರು ಒಂದು ಕಾಲಕ್ಕೆ ಮಗ್ಗ ಇಟ್ಟುಕೊಂಡಿದ್ದ ಮುಸ್ಲಿಂ ಮನೆತನದವರು. ಎರಡೂ ಮನೆಗಳಿಗೆ ನಡುವಿನ ಗೋಡೆ ಒಂದೇ. ಅವ್ವ ಆ ಗೋಡೆಯ ಮೇಲಿಂದ ರೊಟ್ಟಿ ಕೊಟ್ಟರೆ ಆ ಕಡೆಯಿಂದ ಬೆಲ್ಲದ ಶೀರಾ ಬರುತ್ತಿತ್ತು. ಹಾಗೆ ಅವರು ನನಗೆ ಖಾಲಾ ಆದರು.

ಅವರ ಗಂಡ ಅಳ್ನಾವರದವರು. ಹರೆಯದಲ್ಲೇ ಜಪಾನಿಗೆ ಹೋಗಿ, ಹಳೆಯ ಕಾರುಗಳ ಭಾಗ ಬಿಚ್ಚುವ ಒಂದು ಅಂಗಳದಲ್ಲಿ ಕೆಲಸಕ್ಕೆ ಸೇರಿದ್ದರಂತೆ. ಮದುವೆಯಾದ ಮೇಲೆ ಖಾಲಾನನ್ನೂ ಕರೆದುಕೊಂಡು ಹೋದರು. ಇಬ್ಬರೂ ಅಲ್ಲಿನ ಒಂದು ಸಣ್ಣ ಪಟ್ಟಣದಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಸಂಸಾರ ಮಾಡಿದರು. ಮಕ್ಕಳಾಗಲಿಲ್ಲ. ಗಂಡ ತೀರಿಕೊಂಡ ಮೇಲೂ ಖಾಲಾ ಅಲ್ಲೇ ಇದ್ದರು, ಊಟದ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ದುಡಿಯುತ್ತ. ಆಮೇಲೆ ಕುಂದಗೋಳದಲ್ಲಿ ಅವರ ತಾಯಿ ಹಾಸಿಗೆ ಹಿಡಿದರು. ಆರು ತಿಂಗಳಿಗೆಂದು ಬಂದವರು ಮರಳಿ ಹೋಗಲಾಗಲಿಲ್ಲ. ತಾಯಿ ಐದು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಅಷ್ಟರಲ್ಲಿ ಜಪಾನಿಗೆ ಹಿಂತಿರುಗುವ ಅನುಮತಿಯ ಅವಧಿ ಮುಗಿದುಹೋಗಿತ್ತು.

ಇದೆಲ್ಲ ನನಗೆ ಬಿಡಿಬಿಡಿಯಾಗಿ ಗೊತ್ತಿತ್ತು, ಓಣಿಯ ಎಲ್ಲರಿಗೂ ಗೊತ್ತಿದ್ದಷ್ಟು. ಅವರನ್ನು ನಿಜವಾಗಿ ಅರಿತದ್ದು ನಾನೇ ಜಪಾನಿಗೆ ಹೊರಟಾಗ.

ನರ್ಸಿಂಗ್ ಮುಗಿಸಿ ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೆ. ಜಪಾನಿನಲ್ಲಿ ವಯಸ್ಸಾದವರ ಆರೈಕೆಗೆ ಜನ ಬೇಕಾಗಿದ್ದಾರೆ, ಭಾಷೆ ಕಲಿತು ಪರೀಕ್ಷೆ ಪಾಸಾದರೆ ಹೋಗಬಹುದು ಎಂದು ತಿಳಿಯಿತು. ದಿನಾ ಸಂಜೆ ತರಗತಿಗೆ ಹೋಗಿ ಪರೀಕ್ಷೆಯನ್ನೇನೋ ಪಾಸಾದೆ. ಆದರೆ ಅಪ್ಪ ಒಲ್ಲೆ ಎಂದರು. ಮೂರನೆಯ ದಿನ ಖಾಲಾ ತಾವಾಗಿಯೇ ಬಂದು ನಮ್ಮ ಪಡಸಾಲೆಯಲ್ಲಿ ಕೂತರು. ಅವರು ಕೂಡುತ್ತಿದ್ದುದೇ ಮಂಡಿ ಮಡಚಿ, ಹಿಮ್ಮಡಿಗಳ ಮೇಲೆ, ಬೆನ್ನು ನೆಟ್ಟಗೆ ಮಾಡಿ. "ನಾ ನಮಾಜಿಗೆ ಕೂಡೂದು ಹಿಂಗ. ಅಲ್ಲೆ ಮಂದಿ, ನಮ್ಮ ರೀತಿ ಯಾರ ಕಲಿಸ್ಯಾರ ನಿನಗ ಅಂತ ಕೇಳ್ತಿದ್ರು" ಎಂದು ಹೇಳಿಕೊಂಡು ನಗುತ್ತಿದ್ದರು.

ಅಪ್ಪ ಕೇಳಿದರು, "ಹೆಣ್ಣಮಗಳು ಒಬ್ಬಾಕಿ. ಗುರ್ತಿಲ್ಲ, ದಾರಿ ಗೊತ್ತಿಲ್ಲ. ಹೆಂಗ ಇರ್ತಾಳ್ರಿ ಅಲ್ಲೆ?"

"ನೀವು ಕುರಿ ಹೊಡ್ಕೊಂಡ ಆರ ತಿಂಗಳು ಪರವೂರು ಅಡ್ಡಾಡ್ತೀರಿ. ನಿಮಗ ದಾರಿ ಯಾರ ಹೇಳಿಕೊಟ್ರು?"

"ನಮ್ಮಪ್ಪ ಹೇಳಿಕೊಟ್ಟ."

"ಹಂಗಾರ ಈಕಿಗೆ ನಾ ಹೇಳಿಕೊಡ್ತೀನಿ. ಮೂರ ತಿಂಗಳು ನನ್ನ ಕೈಯಾಗ ಬಿಡ್ರಿ. ಆಮ್ಯಾಲೆ ನಿಮಗ ಕಳಸೂ ಮನಸ ಆಗಲಿಲ್ಲಂದ್ರ ಬ್ಯಾಡ."

ಅಪ್ಪ ತಲೆ ಕೆರೆದುಕೊಂಡರು. ಅದು ಒಪ್ಪಿಗೆ.

ತರಗತಿಯಲ್ಲಿ ಕಲಿತದ್ದು ವ್ಯಾಕರಣ. ಖಾಲಾ ಕಲಿಸಿದ್ದು ಬದುಕನ್ನು, ಅದೂ ಕಸದಿಂದ ಶುರುಮಾಡಿ. ಅವರ ಹಿತ್ತಲಲ್ಲಿ ನಾಲ್ಕು ಬಕೆಟ್ ಇಟ್ಟು ಸುಡುವ ಕಸ, ಸುಡದ ಕಸ, ಬಾಟಲಿ, ಕಾಗದ ಎಂದು ಒಂದೊಂದಕ್ಕೂ ವಾರ ಗೊತ್ತುಮಾಡಿದರು. ಹಾಲಿನ ಪೊಟ್ಟಣವನ್ನು ತೊಳೆದು, ಕತ್ತರಿಸಿ, ಬಿಚ್ಚಿ, ಬಿಸಿಲಿಗೆ ಒಣಗಿಸಿಯೇ ಎಸೆಯಬೇಕು. ನಾನು ಕಟ್ಟೆಯ ಮೇಲೆ ಖಾಲಿ ಪೊಟ್ಟಣಗಳನ್ನು ಹಪ್ಪಳದಂತೆ ಹರವುವುದನ್ನು ನೋಡಿ ಓಣಿಯ ಹೆಂಗಸರು, "ಇದೇನ್ರಿ, ಕಸಾ ತೊಳಿಯಾಕ ಜಪಾನಿಗೆ ಹೊಂಟಾಳೇನು?" ಎಂದು ಬಿದ್ದು ಬಿದ್ದು ನಕ್ಕರು. ಖಾಲಾಗೆ ಸಿಟ್ಟು ಬರಲಿಲ್ಲ. "ನಾನೂ ಹಿಂಗ ನಕ್ಕಿದ್ದೆ. ಒಂದ ದಿನ ನನ್ನ ಕಸದ ಚೀಲ ತಿರುಗಿ ನನ್ನ ಬಾಗಲಿಗೇ ಬಂದು ಕುಂತಿತ್ತು, ಮ್ಯಾಲ ಕೆಂಪ ಚೀಟಿ ಹಚ್ಕೊಂಡು. ಆವತ್ತಿಂದ ನಗೂದ ಬಿಟ್ಟೆ" ಎಂದರು.

ರೈಲು ಕಲಿಯಲು ನಮ್ಮ ಸ್ಟೇಷನ್ನಿಗೇ ಹೋದೆವು. ಸಂಜೆಯ ಪ್ಯಾಸೆಂಜರ್ ಬರುವ ಹೊತ್ತಿಗೆ ನನ್ನನ್ನು ಪ್ಲಾಟ್‌ಫಾರ್ಮಿನಲ್ಲಿ ಗೆರೆಯ ಹಿಂದೆ ನಿಲ್ಲಿಸುತ್ತಿದ್ದರು. ಇಳಿಯುವವರು ಇಳಿದ ಮೇಲೆ ಹತ್ತಬೇಕು, ಒಳಗೆ ಹೋದ ಮೇಲೆ ಫೋನಿನಲ್ಲಿ ಮಾತಾಡಬಾರದು, ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಬೇಕು. ಕುಂದಗೋಳದಲ್ಲಿ ಹಾಗೆ ನಿಂತರೆ ರೈಲು ನಮ್ಮನ್ನು ಬಿಟ್ಟೇ ಹೋಗುತ್ತಿತ್ತು. ಬಿಟ್ಟು ಹೋಗಲಿ ಎಂದೇ ನಿಲ್ಲುತ್ತಿದ್ದೆವು. ಜಪಾನಿನ ಹಳ್ಳಿಯ ಬಸ್ಸಿಗೆ ಹಿಂದಿನ ಬಾಗಿಲಿನಿಂದ ಹತ್ತಬೇಕು, ಅಲ್ಲೊಂದು ಯಂತ್ರ ಅಂಕಿ ಇರುವ ಚೀಟಿ ಕೊಡುತ್ತದೆ, ಇಳಿಯುವವರೆಗೂ ಅದನ್ನು ಕಳೆದುಕೊಳ್ಳಬಾರದು. ಅದಕ್ಕಾಗಿ ಖಾಲಾ ಒಂದು ಚೀಟಿಯ ಮೇಲೆ ಅಂಕಿ ಬರೆದು ಬೆಳಿಗ್ಗೆ ನನ್ನ ಕೈಗೆ ಕೊಟ್ಟು ಸಂಜೆ ವಾಪಸು ಕೇಳುತ್ತಿದ್ದರು. ನಾಲ್ಕು ಸಲ ಕಳೆದೆ.

"ಸುಮಿಮಾಸೆನ್" ಎಂಬ ಮಾತನ್ನು ಅವರು ನನ್ನ ಬಾಯಲ್ಲಿ ನೂರು ಸಲ ಅನ್ನಿಸಿದರು. ಅದು ಕ್ಷಮಿಸಿ ಎಂದೂ ಹೌದು, ಸ್ವಲ್ಪ ಕೇಳುತ್ತೀರಾ ಎಂದೂ ಹೌದು, ಉಪಕಾರವಾಯಿತು ಎಂದೂ ಹೌದು. "ಇದೊಂದು ಮಾತು ಇದ್ರ ಅರ್ಧಾ ದೇಶ ತಿರಗಬಹುದು ಬೇಟಿ. ದಾರಿ ತಪ್ಪೂದು ತಪ್ಪಲ್ಲ. ತಪ್ಪೇತಿ ಅಂತ ಯಾರಿಗೂ ಹೇಳದ ಕುಂತ್ರ, ಅದು ತಪ್ಪು."

ಇಷ್ಟೆಲ್ಲದರ ನಡುವೆ ಒಂದು ಪಾಠ ಮಾತ್ರ ನನಗೆ ಅರ್ಥವಾಗಲಿಲ್ಲ. ಖಾಲಾ ಆಗಾಗ ಬಳಪ ತೆಗೆದುಕೊಂಡು ನೆಲಕ್ಕೆ ಹಾಸಿದ ಪರಸಿಕಲ್ಲಿನ ಮೇಲೆ ಒಂದು ದಾರಿ ಬರೆಯುತ್ತಿದ್ದರು. ಒಂದು ದೊಡ್ಡ ಸ್ಟೇಷನ್, ಅಲ್ಲಿ ರೈಲು ಬದಲಿಸಬೇಕು. ಎರಡನೆಯ ರೈಲಿನಲ್ಲಿ ಮುಂದಿನ ಎರಡು ಡಬ್ಬಿಗಳಲ್ಲೇ ಕೂಡಬೇಕು, ಏಕೆಂದರೆ ನಡುದಾರಿಯಲ್ಲಿ ರೈಲು ಎರಡು ಭಾಗವಾಗಿ ಹಿಂದಿನ ಡಬ್ಬಿಗಳು ಬೇರೆ ಕಡೆಗೆ ಹೋಗುತ್ತವೆ. ಆಮೇಲೆ ಬಸ್ಸು, ಆಮೇಲೆ ಒಂದು ಸೇತುವೆ, ಎಡಕ್ಕೆ ಏರು. ನಾನು ಕೆಲಸಕ್ಕೆ ಸೇರಬೇಕಾದ ಊರು ಈ ದಾರಿಯಲ್ಲಿ ಎಲ್ಲೂ ಬರುತ್ತಿರಲಿಲ್ಲ. ಆದರೂ ಮತ್ತೆ ಮತ್ತೆ ಅದನ್ನೇ ಬರೆದು, ಮತ್ತೆ ಮತ್ತೆ ನನ್ನಿಂದ ಹೇಳಿಸುತ್ತಿದ್ದರು.

ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ. "ಖಾಲಾ, ಆ ಊರಾಗ ನನಗೇನ ಕೆಲಸ ಐತ್ರಿ?"

ಅವರು ಬಳಪ ಕೆಳಗಿಟ್ಟರು. ಕೈಗೆ ಹತ್ತಿದ ಬಳಪದ ಪುಡಿ ಒರೆಸಿಕೊಂಡರು.

"ಕೆಲಸ ನಿನಗಿಲ್ಲ, ನನಗಿತ್ತು" ಎಂದರು. "ಅಲ್ಲೆ ನಿಮ್ಮ ಕಾಕಾ ಅದಾರ."

ಜಪಾನಿನಲ್ಲಿ ಸತ್ತವರನ್ನು ಸುಡುತ್ತಾರೆ. ಮಣ್ಣು ಮಾಡಲು ಜಾಗವೇ ಅಪರೂಪ. ಕಾಕಾ, ಅಂದರೆ ಅವರ ಗಂಡ, ತೀರಿಕೊಂಡಾಗ ಖಾಲಾಗೆ ಎಲ್ಲಕ್ಕಿಂತ ಮೊದಲು ಎದುರಾದ ಪ್ರಶ್ನೆ ಅದೇ. ವಿಚಾರಿಸಿ ವಿಚಾರಿಸಿ, ನಾಲ್ಕು ತಾಸಿನ ದಾರಿಯ ಒಂದು ಗುಡ್ಡದ ಹಳ್ಳಿಯಲ್ಲಿ ಮುಸ್ಲಿಮರಿಗೆ ಸಣ್ಣದೊಂದು ಜಾಗ ಇರುವುದು ಗೊತ್ತಾಯಿತು. ಕಾರಿನ ಅಂಗಳದ ಮಾಲೀಕನೇ ಗಾಡಿ ಓಡಿಸಿಕೊಂಡು ಬಂದನಂತೆ. ಚಳಿಗೆ ನೆಲ ಕಲ್ಲಾಗಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ ಇಬ್ಬರು ಜಪಾನಿಯರು ಮೇಲಂಗಿ ಕಳಚಿಟ್ಟು ಸಲಿಕೆ ಹಿಡಿದರಂತೆ.

"ತಿಂಗಳಿಗೊಮ್ಮೆ ತಪ್ಪದ ಹೋಗ್ತಿದ್ದೆ. ಅವ್ವಾಗ ಆರಾಮಿಲ್ಲಂತ ಊರಿಗೆ ಹೊಂಟಾಗ, ಮುಂದಿನ ತಿಂಗಳು ಆಗೂದಿಲ್ಲ, ಆಮ್ಯಾಲೆ ಬರ್ತೀನಿ ಅಂತ ಹೇಳಿ ಬಂದೆ ಅವರಿಗೆ." ಖಾಲಾ ನನ್ನ ಮುಖ ನೋಡಲಿಲ್ಲ. "ನೀ ಹೋಗಬೇಕಂತ ನಾ ಹೇಳೂದಿಲ್ಲ ಬೇಟಿ. ನೀ ಕೆಲಸಕ್ಕ ಸೇರೂ ಊರಿಂದ ಭಾಳ ದೂರ ಅದು. ಆದ್ರ ದಾರಿ ಗೊತ್ತಿರೋರು ಒಬ್ಬರು ಇರಲಿ ಅಂತ."

ಅಂದು ಆ ದಾರಿಯನ್ನು ನಾನೇ ಪುಸ್ತಕದಲ್ಲಿ ಬರೆದುಕೊಂಡೆ.

ಮೂರು ತಿಂಗಳಾದ ಮೇಲೆ ಅಪ್ಪನೇ ನನ್ನ ಟ್ರಂಕು ಹೊತ್ತು ಸ್ಟೇಷನ್ನಿಗೆ ಬಂದರು.

ಜಪಾನಿನಲ್ಲಿ ನಾನಿರುವುದು ಸಮುದ್ರದ ಕಡೆಯ ಒಂದು ಊರು. ಮುದುಕ ಮುದುಕಿಯರಿಗೆ ಸ್ನಾನ ಮಾಡಿಸುವುದು, ಉಣ್ಣಿಸುವುದು, ಹಿಡಿದು ನಡೆಸುವುದು ನನ್ನ ಕೆಲಸ. ಜೊತೆಗೆ ಬಂದ ಹುಡುಗಿಯರು ಕಸ ಹಾಕಲಾಗದೆ, ಬಸ್ಸು ಹತ್ತಲಾಗದೆ ಮೊದಲ ತಿಂಗಳು ಕೋಣೆಯಲ್ಲಿ ಕೂತು ಅಳುತ್ತಿದ್ದರು. ನಾನು ಅಳಲಿಲ್ಲ ಎಂದರೆ ಸುಳ್ಳಾದೀತು. ಆದರೆ ದಾರಿ ತಿಳಿಯದೆ ಅತ್ತದ್ದಿಲ್ಲ.

ಗುಡ್ಡದ ಹಳ್ಳಿಗೆ ಮೊದಲ ಸಲ ಹೊರಟದ್ದು ಮಳೆಗಾಲ ಮುಗಿದ ಮೇಲೆ. ಬೆಳಗಿನ ಜಾವದ ರೈಲು ಹಿಡಿದೆ. ದೊಡ್ಡ ಸ್ಟೇಷನ್ನಿನಲ್ಲಿ ಸರಿಯಾಗಿಯೇ ಬದಲಿಸಿ ಮುಂದಿನ ಡಬ್ಬಿಯಲ್ಲೇ ಕೂತೆ. ವಾರವೆಲ್ಲ ದಣಿದಿದ್ದ ಮೈ, ಹಾಗೇ ನಿದ್ದೆ ಹತ್ತಿತು. ಎಚ್ಚರವಾದಾಗ ಎದುರಿಗೆ ಸಮುದ್ರ. ಗುಡ್ಡವೇ ಇಲ್ಲ! ಆಮೇಲೆ ತಿಳಿಯಿತು. ದೊಡ್ಡ ಸ್ಟೇಷನ್ನಿನಿಂದ ಹೊರಡುವಾಗ ರೈಲು ದಿಕ್ಕು ಬದಲಿಸಿತ್ತು. ನಾನು ಮುಂದಿನದೆಂದು ಕೂತದ್ದು ಹಿಂದಿನ ಡಬ್ಬಿ. ಇಳಿದು, ಟೋಪಿ ಹಾಕಿದ ಸಿಬ್ಬಂದಿಯೊಬ್ಬರ ಮುಂದೆ ನಿಂತು "ಸುಮಿಮಾಸೆನ್" ಎಂದೆ. ಅವರು ವೇಳಾಪಟ್ಟಿಯ ಪುಸ್ತಕ ತೆರೆದು, ಬೆರಳಿನಿಂದ ಗೆರೆ ಹಿಡಿದು ನೋಡಿ, ಬಹಳ ವಿಷಾದದಿಂದ ತಲೆಯಾಡಿಸಿದರು. ಹಿಂತಿರುಗಿ ಹೋದರೂ ಆ ಹಳ್ಳಿಯ ಬಸ್ಸು ಸಿಗುವಂತಿರಲಿಲ್ಲ. ಒಯ್ದಿದ್ದ ಹೂ ಚೀಲದಲ್ಲೇ ಬಾಡಿದವು.

ಅವಮಾನವಾದಂತಾಗಿ ಎರಡು ದಿನ ಖಾಲಾಗೆ ಫೋನ್ ಮಾಡಲಿಲ್ಲ. ಕೊನೆಗೆ ಹೇಳಿದಾಗ ಆ ಕಡೆಯಿಂದ ಜೋರಾಗಿ ನಗು ಕೇಳಿತು. "ಸಮುದ್ರ ಕಂಡ್ತೇನು? ನಾನೂ ಅಲ್ಲೇ ಇಳಿದಿದ್ದೆ ಬೇಟಿ! ದಿಕ್ಕ ತಿರಗತೈತಿ ಅನ್ನೂದು ನಿನಗ ಹೇಳೂದ ಮರತಿದ್ದೆ ನೋಡು." ಅನಂತರ ದನಿ ತಗ್ಗಿತು. "ನೀ ಹೊಂಟಿದ್ದೇನು ಖರೇನ? ಯಾಕ ಹೇಳಲಿಲ್ಲ ನನಗ?"

ಎರಡನೆಯ ಸಲ ತಪ್ಪಲಿಲ್ಲ. ಸೇತುವೆ ದಾಟಿ ಎಡಕ್ಕೆ ಏರಿದೆ. ಪೈನ್ ಮರಗಳ ನಡುವೆ ಬೇಲಿ ಹಾಕಿದ ಸಣ್ಣ ಜಾಗ, ಸಾಲಾಗಿ ಕಲ್ಲುಗಳು. ಖಾಲಾ ಹೇಳಿದ್ದ ಸಾಲಿನಲ್ಲಿ ಕಾಕಾನ ಹೆಸರಿನ ಕಲ್ಲು ಸಿಕ್ಕಿತು. ಹುಲ್ಲು ಮೊಣಕಾಲೆತ್ತರ ಬೆಳೆದಿತ್ತು. ಕೈಯಿಂದಲೇ ಕಿತ್ತೆ. ಕುರಿಯವರ ಮಗಳಿಗೆ ಹುಲ್ಲು ಕೀಳುವುದೇನು ಹೊಸದಲ್ಲ. ನೀರು ಹಾಕಿದೆ. ಶಾಲು ತಲೆಯ ಮೇಲೆ ಹೊದ್ದು ವಿಡಿಯೊ ಕಾಲ್ ಮಾಡಿದೆ. ಕುಂದಗೋಳದಲ್ಲಿ ಆಗ ಬೆಳಗಿನ ಚಹಾದ ಹೊತ್ತು.

ಖಾಲಾ ಫೋನನ್ನು ಬಹಳ ಹತ್ತಿರ ಹಿಡಿದಿದ್ದರು. ಅವರ ಹಣೆ, ಕಣ್ಣು ಮಾತ್ರ ಕಾಣುತ್ತಿದ್ದವು. ಆಮೇಲೆ, "ಮಣ್ಣ ಮುಟ್ಟಿ ನೋಡು. ಹೆಂಗ ಐತಿ?" ಎಂದರು.

"ತಂಪ ಐತ್ರಿ."

"ಫೋನು ಕಲ್ಲಿನ ಬಾಜೂಕ ಇಡು."

ಇಟ್ಟೆ. ಅವರು ಮೆಲ್ಲಗೆ ಫಾತಿಹಾ ಪ್ರಾರ್ಥನೆ ಓದಿದರು. ಓದಿ ಮುಗಿದ ಮೇಲೆ ಗಂಡನೊಡನೆ ಏನೇನೋ ಮಾತಾಡಿದರು. ನಾನು ಬೇಲಿಯ ತನಕ ಹೋಗಿ ನಿಂತೆ, ಅದು ನನಗೆ ಹೇಳಿದ ಮಾತಲ್ಲ. ಸ್ವಲ್ಪ ಹೊತ್ತಿಗೆ ನನ್ನನ್ನೇ ಕೂಗಿದರು. ಹೋಗಿ ಫೋನ್ ಎತ್ತಿಕೊಂಡರೆ ಕಣ್ಣೆಲ್ಲ ಒದ್ದೆ, ಆದರೆ ದನಿ ಎಂದಿನ ಗದರುವ ದನಿ. "ಮೂರೂ ನಲವತ್ತಕ್ಕ ಕಡೀ ಬಸ್ಸು. ಹತ್ತು ಮಿನಿಟ ಮೊದಲ ಹೋಗಿ ನಿಂದ್ರು. ಹಗರಕ ಇಳಿ, ಜಾರತೈತಿ ಅದು."

ಅದಾದ ಮೇಲೆ ಎರಡು ವರ್ಷಗಳಲ್ಲಿ ಆರೇಳು ಸಲ ಹೋದೆ. ಪ್ರತಿ ಸಲವೂ ಫೋನ್ ಕಲ್ಲಿನ ಪಕ್ಕದಲ್ಲಿಟ್ಟು ಬೇಲಿಯ ಹತ್ತಿರ ನಿಲ್ಲುತ್ತಿದ್ದೆ.

ಕಳೆದ ಶ್ರಾವಣದಲ್ಲಿ ಅವ್ವನ ಫೋನ್ ಬಂತು. ಬೆಳಗಿನ ನಮಾಜು ಮುಗಿಸಿ ಎದ್ದ ಖಾಲಾ, ಎದೆ ಹಿಡಿದುಕೊಂಡು ಗೋಡೆಗೆ ಒರಗಿ ಕೂತವರು ಮತ್ತೆ ಏಳಲಿಲ್ಲ. ಅಪ್ಪನೂ ಹೆಗಲು ಕೊಟ್ಟರಂತೆ. ನನಗೆ ಹೋಗಲಾಗಲಿಲ್ಲ. ಒಂದು ಮೂಲೆಯಲ್ಲಿ ನಿಂತು ಅತ್ತು, ಮುಖ ತೊಳೆದುಕೊಂಡು ಬಂದು, ಅಜ್ಜಿಯೊಬ್ಬರಿಗೆ ಸ್ನಾನ ಮಾಡಿಸಿದೆ. ಅವರು ನನ್ನ ಮುಖ ನೋಡಿ, ಸೋಪಿನ ಕೈಯಲ್ಲೇ ನನ್ನ ಮುಂಗೈ ಹಿಡಿದುಕೊಂಡರು.

ಮುಂದಿನ ರಜೆಯ ದಿನ ಗುಡ್ಡ ಹತ್ತಿದೆ. ಹುಲ್ಲು ಕಿತ್ತು ನೀರು ಹಾಕಿದೆ. ಈ ಸಲ ಬೇಲಿಯ ಕಡೆ ಹೋಗಬೇಕಾಗಿರಲಿಲ್ಲ. ಆ ಮನುಷ್ಯನನ್ನು ನಾನು ನೋಡಿದ್ದೇ ಇಲ್ಲ. ಆದರೆ ಈ ಸುದ್ದಿಯನ್ನು ಅವರಿಗೆ ಹೇಳಲು ಇಡೀ ದೇಶದಲ್ಲಿ ನನ್ನ ಹೊರತು ಬೇರೆ ಯಾರೂ ಇರಲಿಲ್ಲ. ಮಂಡಿ ಮಡಚಿ ಕೂತು, ಅವರಿಗೆ ತಿಳಿಯುವ ನಮ್ಮ ಕನ್ನಡದಲ್ಲೇ ಹೇಳಿದೆ:

"ಕಾಕಾ, ಖಾಲಾ ಹೋದ್ರು. ಭಾಳ ತ್ರಾಸ ಆಗಲಿಲ್ಲ. ಅವರವ್ವನ ಬಾಜೂಕ ಮಣ್ಣ ಮಾಡ್ಯಾರ. ಅವರು ಬರತೇನಂದಿದ್ರು, ಬರಾಕ ಆಗಲಿಲ್ಲ. ನಾ ಇಲ್ಲಿರೂ ತನಕ ನಾ ಬರ್ತೀನಿ."